ನಾಲ್ಕನೆಯ ಋಣ

ಸಾಲವಿಲ್ಲದವನೇ ಸುಖಿಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದೆ ಬೆಳೆದ ಮಗು ಕನ್ನಡನಾಡಿನಲ್ಲಿ ಇರಲಾರದು. ಗೃಹಸ್ಥನು ಆಯವನ್ನರಿತು ವ್ಯಯಮಾಡತಕ್ಕದ್ದು, ನಾಳೆಗೆಂದು ಕೊಂಚ ತೆಗೆದಿಡತಕ್ಕದ್ದು, ಪರರ ಮುಂದೆ ಕೈಯೊಡ್ಡದೆ ಬಾಳತಕ್ಕದ್ದು. ಇದೇ ಮನೆವಾರ್ತೆಯ ನೀತಿಯೆಂದು ನಾವೆಲ್ಲರೂ ಒಪ್ಪಿದ್ದೇವೆ. ಈ ನೀತಿಯಲ್ಲಿ ದೋಷವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆದರೆ ಮನುಷ್ಯನು ತನ್ನ ತಪ್ಪೇನೂ ಇಲ್ಲದೆಯೇ ಸಾಲಗಾರನಾಗುವ ಸಂದರ್ಭಗಳುಂಟು. ದೇಶಕ್ಕೆಲ್ಲ ಹಬ್ಬಿದ ರೋಗವು ತನ್ನ ಹೊಸ್ತಿಲನ್ನೂ ದಾಟಿ ಬಂದಾಗ, ತಾಯಿಯನ್ನೋ ಗಂಡನನ್ನೋ ಉಳಿಸಿಕೊಳ್ಳುವುದಕ್ಕಾಗಿ ಒಂದು ಸಂಸಾರವು ಮಾಡಿದ ಸಾಲವು ಯಾರದು? ಪತ್ರಕ್ಕೆ ರುಜುಹಾಕಿದವನೊಬ್ಬನದೇ, ಇಲ್ಲವೆ ಅದರಲ್ಲಿ ನಮ್ಮೆಲ್ಲರ ಪಾಲೂ ಉಂಟೇ? ಈ ಪ್ರಶ್ನೆಯನ್ನು ವಾಚಕರೊಡನೆ ಸಾವಧಾನವಾಗಿ ವಿಚಾರಮಾಡಬೇಕೆಂದು ನಮ್ಮ ಅಪೇಕ್ಷೆ.

ಮಹಾಮಾರಿಯು ನಮ್ಮ ನಾಡಿಗೆ ಹೊಸಬಳಲ್ಲ. 1896ರಲ್ಲಿ ಮುಂಬಯಿಯಲ್ಲಿ ತೋರಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಜನರು ಮನೆಮಠಗಳನ್ನು ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಕಾಲಕಳೆದರು. ಬಸವನಗುಡಿ ಮಲ್ಲೇಶ್ವರಗಳು ಗಾಳಿಬೆಳಕಿನ ಬಡಾವಣೆಗಳಾಗಿ ಬೆಳೆದುದಕ್ಕೆ ಆ ಭಯವೂ ಒಂದು ಕಾರಣ. 1918ರ ಇನ್‌ಫ್ಲುಯೆಂಜಾ ಜ್ವರವು ಇನ್ನೂ ಭಯಂಕರವಾದದ್ದು. ಅದರಿಂದ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರು ಸತ್ತರೆಂದು ಅಂದಾಜು. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆಯು ಬೆಳೆಯುವುದಕ್ಕೆ ಬದಲು ಕುಗ್ಗಿತು. ಅನಂತರ ಸುಮಾರು ನೂರು ವರ್ಷಗಳು ಕಳೆದು, 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗದ್ವ್ಯಾಪಿಯಾದ ಮಾರಿಯೆಂದು ಸಾರಿತು. ಭಾರತದಲ್ಲಿ ಆ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ ವೃದ್ಧರೊಬ್ಬರು. ಅದೇ ತಿಂಗಳ 25ರಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಿತು.

ಸಾಮಾನ್ಯವಾದ ಕಾಯಿಲೆಗೂ ಮಾರಿಗೂ ಮನೆಯ ಲೆಕ್ಕದಲ್ಲಿ ಒಂದು ದೊಡ್ಡ ಭೇದವುಂಟು. ಸಾಮಾನ್ಯ ಕಾಯಿಲೆಯಲ್ಲಿ ವ್ಯಯವು ಹೆಚ್ಚುವುದೇ ಹೊರತು ಆಯವು ಪೂರ್ತಿಯಾಗಿ ನಿಲ್ಲುವುದಿಲ್ಲ. ಒಬ್ಬನು ಮಲಗಿದರೆ ಮತ್ತೊಬ್ಬನು ದುಡಿಯಬಹುದು. ನೆರೆಯವನಲ್ಲಿ ಕೈಗಡ ಕೇಳಬಹುದು. ಊರಿನ ಅಂಗಡಿಯಲ್ಲಿ ಉದ್ದರಿ ಸಿಕ್ಕಬಹುದು. ಮಾರಿಯಾದರೋ ಎರಡು ಕಡೆಯಿಂದಲೂ ಏಕಕಾಲದಲ್ಲಿ ಮನೆಯನ್ನು ಕೊರೆಯುತ್ತದೆ. ಗಳಿಕೆ ನಿಂತ ತಿಂಗಳಲ್ಲಿಯೇ ಆಸ್ಪತ್ರೆಯ ಖರ್ಚು ಬಂದೊದಗುತ್ತದೆ. ಕೈಗಡ ಕೊಡತಕ್ಕ ನೆರೆಯವನೂ ಅದೇ ಸ್ಥಿತಿಯಲ್ಲಿರುತ್ತಾನೆ. ಕಷ್ಟಕಾಲಕ್ಕೆಂದು ನೆಚ್ಚಿಕೊಂಡ ಬಂಧುವರ್ಗವೆಲ್ಲವೂ ಒಂದೇ ದಿನ ಕಷ್ಟದಲ್ಲಿ ಬೀಳುತ್ತದೆ.

ನಿದರ್ಶನಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಯಜಮಾನನು ಜಿಲ್ಲೆಯ ಪಟ್ಟಣವೊಂದರ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ತಿಂಗಳಿಗೆ 18,000 ರೂಪಾಯಿ ಸಂಬಳ. ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿದು ಅಷ್ಟಿಷ್ಟು ಸಂಪಾದಿಸುವವಳು. ವೃದ್ಧೆಯಾದ ತಾಯಿ, ಕಾಲೇಜಿಗೆ ಸೇರಬೇಕಾಗಿರುವ ಮಗಳು. ಇವರು ಕಡುಬಡವರಲ್ಲ, ಆದಕಾರಣ ಬಡವರಿಗೆಂದು ಕೊಡುವ ಚೀಟಿ ಇವರಿಗಿಲ್ಲ; ಸಿರಿವಂತರೂ ಅಲ್ಲ, ಆದಕಾರಣ ವಿಮೆಯೂ ಇಲ್ಲ. ಅಂಗಡಿ ಮುಚ್ಚಿ ಸಂಬಳವು ನಿಂತುಹೋದ ಕಾಲದಲ್ಲಿ ತಾಯಿಗೆ ಉಸಿರುಕಟ್ಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ದೊರೆಯಲಿಲ್ಲ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಆಸ್ಪತ್ರೆಗಳಿಗೆ ದರವನ್ನು ಗೊತ್ತುಮಾಡಿತ್ತು. ತಾನಾಗಿಯೇ ಬಂದು ಹಣ ತೆರುವ ರೋಗಿಯು ತೀವ್ರನಿಗಾ ಘಟಕದಲ್ಲಿದ್ದರೆ ದಿನಕ್ಕೆ 15,000 ರೂಪಾಯಿ. ಉಸಿರಾಟದ ಯಂತ್ರ ಬೇಕಾದರೆ 25,000 ರೂಪಾಯಿ. ದರವನ್ನು ಕಟ್ಟಿದುದು ಒಳ್ಳೆಯದೇ, ಕಟ್ಟದಿದ್ದರೆ ಇನ್ನೆಷ್ಟಾಗುತ್ತಿತ್ತೋ. ಆದರೂ ಲೆಕ್ಕ ಹಾಕಿ ನೋಡಿರಿ. ಹತ್ತು ದಿನ ಮೊದಲನೆಯ ದರದಲ್ಲಿ, ಐದು ದಿನ ಎರಡನೆಯ ದರದಲ್ಲಿ. ಒಟ್ಟು 2,75,000 ರೂಪಾಯಿ. ಹದಿನೈದು ತಿಂಗಳು ಒಂದು ಕಾಸನ್ನೂ ಉಣ್ಣದೆ ಉಡದೆ ಕೂಡಿಟ್ಟರೆ ಆಗುವ ಹಣ ಅದು. ಅದೂ ಸಂಬಳ ಬರುತ್ತಿದ್ದರೆ. ಅದೇ ರೋಗಿಯನ್ನು ಸರ್ಕಾರವೇ ಕಳುಹಿಸಿದ್ದರೆ ದಿನದ ದರವು 8,500 ಮತ್ತು 10,000 ಆಗಿ, ಆ ಹಣವನ್ನು ಸರ್ಕಾರವೇ ಸಲ್ಲಿಸುತ್ತಿತ್ತು. ಅದೇ ರೋಗ, ಅದೇ ಮಂಚ, ಅದೇ ವೈದ್ಯ. ಯಾವ ಬಾಗಿಲಿನಿಂದ ಒಳಹೊಕ್ಕರೆಂಬುದರ ಮೇಲೆ ಒಂದು ಮನೆಯ ಮುಂದಿನ ಐದು ವರ್ಷಗಳು ನಿರ್ಣಯವಾದವು.

ಇಲ್ಲಿಂದ ಮುಂದಿನದು ಹಣದ ಮಾತಲ್ಲ, ಧರ್ಮದ ಮಾತು. ಆ ರಾತ್ರಿ ಆ ಮನೆಯಲ್ಲಿ ನಡೆಯುವ ಸಮಾಲೋಚನೆಯನ್ನು ಊಹಿಸಿರಿ. ಹೆಂಡತಿಯು ಬಳೆಗಳನ್ನು ತೆಗೆದು ಮುಂದಿಡುತ್ತಾಳೆ. 2020ರ ಆಗಸ್ಟ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಒಂದು ಅನುಕೂಲವನ್ನು ಮಾಡಿಕೊಟ್ಟಿತು: ಚಿನ್ನದ ಒತ್ತೆಯ ಮೇಲೆ ಅದರ ಬೆಲೆಯ ನೂರಕ್ಕೆ 75ರಷ್ಟು ಕೊಡುತ್ತಿದ್ದ ಬ್ಯಾಂಕುಗಳು 2021ರ ಮಾರ್ಚ್ ಕೊನೆಯವರೆಗೆ ನೂರಕ್ಕೆ 90ರಷ್ಟು ಕೊಡಬಹುದೆಂದಿತು. ಭವಿಷ್ಯನಿಧಿಯಿಂದಲೂ ಮೂರು ತಿಂಗಳ ಸಂಬಳ ಅಥವಾ ಇದ್ದುದರ ಮುಕ್ಕಾಲು, ಇವೆರಡರಲ್ಲಿ ಕಡಮೆಯಾದುದನ್ನು ತೆಗೆಯಬಹುದೆಂದು ಸರ್ಕಾರವು ಹೇಳಿತು. ಇವು ಉಪಕಾರಗಳೇ ಸರಿ. ಆದರೆ ಇವೆಲ್ಲವೂ ಆ ಮನೆಯ ಸ್ವತ್ತನ್ನೇ ಆ ಮನೆಗೆ ಸುಲಭವಾಗಿ ಕರಗಿಸಿಕೊಟ್ಟ ಉಪಕಾರಗಳು. ಮದುವೆಯಲ್ಲಿ ಬಂದ ಚಿನ್ನವನ್ನೂ ಮುಪ್ಪಿಗೆಂದು ಇಟ್ಟ ಗಂಟನ್ನೂ ಅವರು ಬೇಗನೆ ಒಡೆದರು, ಅಷ್ಟೆ.

ಮಗಳ ಕಾಲೇಜಿನ ಹಣವು ಮುಟ್ಟದೆ ಉಳಿದಿದೆ. ಅದನ್ನು ಎತ್ತಬೇಕೋ ಬೇಡವೋ ಎಂಬ ಚರ್ಚೆ ಹುಟ್ಟಿದಾಗ, ಒಳಗಿನ ಕೋಣೆಯಿಂದ ಮುದುಕಿಯು, "ನನ್ನದಿನ್ನೇನಿದೆಯಪ್ಪ, ಆ ಮಗುವಿನ ದುಡ್ಡಿಗೆ ಕೈಹಾಕಬೇಡ" ಎನ್ನುತ್ತಾಳೆ. ಈ ಮಾತನ್ನು ನಾವು ತ್ಯಾಗವೆಂದು ಹೊಗಳುವುದುಂಟು. ತ್ಯಾಗವು ಸ್ವತಂತ್ರನಾದವನ ಗುಣ. ಬೇರೆ ದಾರಿಯನ್ನೆಲ್ಲ ಮುಚ್ಚಿದ ಮೇಲೆ ಒಬ್ಬಳು ವೃದ್ಧೆಯ ಬಾಯಿಂದ ಹೊರಟ ಮಾತನ್ನು ತ್ಯಾಗವೆಂದು ಕರೆದು ಸಂತೋಷಪಡುವುದು ನಮಗೆ ಸುಲಭ, ಅವಳಿಗೆ ಸುಲಭವಲ್ಲ. ಮಗನು ಆ ಮಾತನ್ನು ಕೇಳಿದರೆ ಜೀವಮಾನವೆಲ್ಲ ಕೊರಗಬೇಕು. ಕೇಳದಿದ್ದರೆ ಮಗಳ ಮುಖವನ್ನು ನೋಡಿ ಕೊರಗಬೇಕು. ಯಾವುದನ್ನು ಮಾಡಿದರೂ ಅವನು ಅಪರಾಧಿಯಲ್ಲ. ಯಾವುದನ್ನು ಮಾಡಿದರೂ ಅಪರಾಧಿಯಂತೆ ಬದುಕುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ತಪ್ಪಿರುವುದು ಅವನ ಉತ್ತರದಲ್ಲಲ್ಲ. ಅಜ್ಜಿಯ ಪ್ರಾಣವನ್ನೂ ಮೊಮ್ಮಗಳ ವಿದ್ಯೆಯನ್ನೂ ಒಂದೇ ತಕ್ಕಡಿಯಲ್ಲಿಡುವಂಥ ಪ್ರಶ್ನೆಯನ್ನು ಒಂದು ಮನೆಗೆ ಹಾಕಿದುದೇ ತಪ್ಪು.

ಈ ವಾದಕ್ಕೆ ಕೆಲವು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದಾಗಿ, ಮುಂದಾಲೋಚನೆಯಿಂದ ಉಳಿಸಿದ್ದರೆ ಈ ಗತಿ ಬರುತ್ತಿತ್ತೇ ಎಂದು ಕೇಳುವವರುಂಟು. ಮಿತವ್ಯಯವು ಒಳ್ಳೆಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿತ್ಯದ ಮಳೆಗೆ ಕೊಡೆಯನ್ನಿಟ್ಟುಕೊಳ್ಳದವನನ್ನು ಆಕ್ಷೇಪಿಸಬಹುದೇ ಹೊರತು, ಕೆರೆಯೊಡೆದು ಬಂದ ನೀರಿಗೆ ಕೊಡೆ ಹಿಡಿಯಲಿಲ್ಲವೆಂದು ಆಕ್ಷೇಪಿಸಲಾಗದು. ಕೆರೆಯ ಏರಿಯನ್ನು ಊರೇ ಕಾಯಬೇಕು. 18,000 ರೂಪಾಯಿಯ ಸಂಸಾರವು ಎಷ್ಟು ಜಾಣತನದಿಂದ ನಡೆದರೂ ಎರಡು ಮುಕ್ಕಾಲು ಲಕ್ಷದ ಹೊಡೆತಕ್ಕೆ ಸಿದ್ಧವಾಗಿರಲಾರದು.

ಎರಡನೆಯದಾಗಿ, ದಾನಧರ್ಮವಿರುವಾಗ ಋಣದ ಮಾತೇಕೆ ಎನ್ನಬಹುದು. 2020 ಮತ್ತು 2021ರಲ್ಲಿ ನಮ್ಮ ಜನರು ತೋರಿದ ಔದಾರ್ಯವನ್ನು ಮರೆಯುವುದು ಕೃತಘ್ನತೆಯಾದೀತು. ಮಠಗಳೂ ಮಸೀದಿಗಳೂ ಸಂಘಗಳೂ ಅನ್ನವಿಕ್ಕಿದವು. ತರುಣರು ಅಪರಿಚಿತರಿಗಾಗಿ ಪ್ರಾಣವಾಯುವಿನ ಸಿಲಿಂಡರುಗಳನ್ನು ಹೊತ್ತು ತಿರುಗಿದರು. ಆದರೆ ದಾನವು ಕಣ್ಣಿಗೆ ಬಿದ್ದವನನ್ನು ತಲುಪುತ್ತದೆ. ಮಾನಕ್ಕೆ ಅಂಜಿ ಬಾಗಿಲೊಳಗೆ ಕುಳಿತವನನ್ನು ತಲುಪುವುದಿಲ್ಲ. ಮಧ್ಯಮವರ್ಗದ ಗೃಹಸ್ಥನು ಹಸಿವನ್ನಾದರೂ ಸಹಿಸುವನು, ಸಾಲಿನಲ್ಲಿ ನಿಂತು ಕೈಚಾಚಲಾರನು. ಅಲ್ಲದೆ ದಾನಕೊಟ್ಟವನು ದೊಡ್ಡವನೂ ಪಡೆದವನು ಚಿಕ್ಕವನೂ ಆಗುತ್ತಾರೆ. ಋಣ ತೀರಿಸುವಲ್ಲಿ ಈ ಭೇದವಿಲ್ಲ.

ಮೂರನೆಯದಾಗಿ, ಸರ್ಕಾರವು ಯೋಜನೆಗಳನ್ನು ಮಾಡಿದೆಯಲ್ಲ ಎನ್ನಬಹುದು. ಮಾಡಿದೆ, ನಿಜ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಕೈಯಿಂದ ತೆತ್ತ ಪಾಲು 2013-14ರಲ್ಲಿ ನೂರಕ್ಕೆ 64ರಷ್ಟಿದ್ದುದು 2021-22ರಲ್ಲಿ ನೂರಕ್ಕೆ 39ಕ್ಕೆ ಇಳಿದಿದೆಯೆಂದು ಸರ್ಕಾರದ ಲೆಕ್ಕವು ಹೇಳುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೂ ಸರ್ಕಾರಗಳೆಲ್ಲ ಸೇರಿ ಆ ವರ್ಷ ಆರೋಗ್ಯಕ್ಕಾಗಿ ಮಾಡಿದ ವೆಚ್ಚವು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 1.84ರಷ್ಟು, 2017ರ ರಾಷ್ಟ್ರೀಯ ಆರೋಗ್ಯನೀತಿಯು ತಾನೇ ಗೊತ್ತುಮಾಡಿಕೊಂಡ ಗುರಿ ನೂರಕ್ಕೆ 2.5.

ಇದಲ್ಲದೆ, ಚೀಟಿಯು ಹಣವನ್ನು ಕೊಡಿಸಬಲ್ಲುದು. ಇಲ್ಲದ ಹಾಸಿಗೆಯನ್ನೂ ಇಲ್ಲದ ಉಸಿರನ್ನೂ ಕೊಡಿಸಲಾರದು. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಪ್ರಾಣವಾಯುವಿನ ಕೊರತೆಯುಂಟಾಗಿ, ಒಂದು ಹಗಲು ಒಂದು ರಾತ್ರಿಯ ಅವಧಿಯಲ್ಲಿ 24 ರೋಗಿಗಳು ಮೃತರಾದುದನ್ನು ಈ ನಾಡು ಮರೆತಿಲ್ಲ. ಅವರಲ್ಲಿ ಬಡವರೆಷ್ಟು ಜನ, ಅನುಕೂಲಸ್ಥರೆಷ್ಟು ಜನ ಎಂದು ಆ ಕೊರತೆಯು ವಿಚಾರಿಸಲಿಲ್ಲ. ಕೋವಿಡ್ ಅಲ್ಲದ ರೋಗಗಳವರ ಪಾಡು ಇನ್ನೂ ಮೌನವಾದದ್ದು. 2019ರಲ್ಲಿ ದೇಶದಲ್ಲಿ 24 ಲಕ್ಷ ಕ್ಷಯರೋಗಿಗಳು ಪತ್ತೆಯಾಗಿದ್ದರು. 2020ರಲ್ಲಿ ಪತ್ತೆಯಾದವರು ಸುಮಾರು 18 ಲಕ್ಷ. ಕ್ಷಯವು ಆ ವರ್ಷ ಕಡಮೆಯಾದುದಲ್ಲ. ಕೆಮ್ಮುತ್ತಿದ್ದವರು ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲಾಗಲಿಲ್ಲ, ಹತ್ತಿದವರನ್ನು ನೋಡಲು ಕೈಗಳಿರಲಿಲ್ಲ.

ಹಾಗಾದರೆ ಈ ಋಣವು ಎಲ್ಲಿಂದ ಹುಟ್ಟಿತು? ನಮಗೆ ತೋರುವಂತೆ ಇದಕ್ಕೆ ಎರಡು ಮೂಲಗಳು. ಸಾಂಕ್ರಾಮಿಕ ರೋಗದಲ್ಲಿ ನನ್ನ ರೋಗವು ನನ್ನೊಬ್ಬನದಲ್ಲ. ಅದು ಮತ್ತೊಬ್ಬನಿಂದ ಬಂದದ್ದು, ತಡೆಯದಿದ್ದರೆ ಮತ್ತೊಬ್ಬನಿಗೆ ಹೋಗತಕ್ಕದ್ದು. ನೆರೆಯವನು ಸಕಾಲದಲ್ಲಿ ಪರೀಕ್ಷೆ ಮಾಡಿಸಿಕೊಂಡು ಮನೆಯಲ್ಲಿ ಉಳಿದರೆ ಅದರ ಫಲವು ನನಗೆ. ಖರ್ಚಿಗೆ ಅಂಜಿ ಅವನು ರೋಗವನ್ನು ಬಚ್ಚಿಟ್ಟರೆ ಅದರ ಫಲವೂ ನನಗೇ. ಫಲವನ್ನು ಹಂಚಿಕೊಂಡವರು ಬೆಲೆಯನ್ನು ಹಂಚಿಕೊಳ್ಳೆವೆಂದರೆ ನ್ಯಾಯವಾಗದು. ಇದು ಮೊದಲನೆಯ ಮೂಲ.

ಎರಡನೆಯದು ಇದಕ್ಕಿಂತಲೂ ಬಲವಾದದ್ದು. 2020ರ ಮಾರ್ಚ್ ತಿಂಗಳಲ್ಲಿ ಮನೆಯಲ್ಲಿರಿ ಎಂದು ರಾಜ್ಯವು ಆಜ್ಞಾಪಿಸಿದಾಗ ದಿನಗೂಲಿಯವನೂ ತಳ್ಳುಗಾಡಿಯವನೂ ಆಟೋ ಓಡಿಸುವವನೂ ತಮ್ಮ ಅನ್ನವನ್ನು ಬಿಟ್ಟು ಕುಳಿತರು. ಅವರು ಕುಳಿತುದರಿಂದ ರೋಗವು ನಿಧಾನವಾಗಿ ಹರಡಿತು. ಆಸ್ಪತ್ರೆಗಳಿಗೆ ಸಿದ್ಧತೆಗೆ ಸಮಯ ಸಿಕ್ಕಿತು. ಸಂಬಳವು ನಿಲ್ಲದ ನಾವು ಮನೆಯ ಮೇಜಿನ ಮುಂದೆ ಕುಳಿತು ಕೆಲಸಮಾಡುತ್ತ ಕ್ಷೇಮವಾಗಿದ್ದೆವು. ಅವರ ಕಳೆದುಹೋದ ಕೂಲಿಯು ನಮ್ಮ ಕ್ಷೇಮಕ್ಕೆ ತೆತ್ತ ಬೆಲೆ. ಬ್ಯಾಂಕುಗಳು ಆ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಕಟ್ಟುವುದನ್ನು ಮುಂದೂಡಲು ಅವಕಾಶ ಕೊಟ್ಟವು. ಆದರೆ ಬಡ್ಡಿಯು ನಿಲ್ಲಲಿಲ್ಲ. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು ಸುಪ್ರೀಂ ಕೋರ್ಟು 2021ರ ಮಾರ್ಚ್ ತಿಂಗಳಲ್ಲಿ ಹೇಳಬೇಕಾಯಿತು. ಅನ್ನ ನಿಂತವನ ಬಾಗಿಲಲ್ಲಿ ಬಡ್ಡಿಯೊಂದು ಮಾತ್ರ ರಜೆಯಿಲ್ಲದೆ ದುಡಿಯಿತು. ಕರ್ನಾಟಕದ ನಲವತ್ತು ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಅವರೇ 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನವನ್ನು ಬೇಡಿ ಮುಷ್ಕರ ಹೂಡಬೇಕಾಯಿತು.

ನಮ್ಮ ಶಾಸ್ತ್ರಗಳು ಮನುಷ್ಯನು ಹುಟ್ಟುವಾಗಲೇ ಋಣಿಯೆನ್ನುತ್ತವೆ. ದೇವಋಣ, ಋಷಿಋಣ, ಪಿತೃಋಣವೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥಬ್ರಾಹ್ಮಣದಲ್ಲಿ ನಾಲ್ಕನೆಯದೊಂದನ್ನು ಹೇಳಿದೆ, ಅದು ಮನುಷ್ಯಋಣ. ಅನ್ನವನ್ನೂ ಆಶ್ರಯವನ್ನೂ ಕೊಡುವುದರಿಂದ ಅದು ತೀರುವುದೆಂದು ಅಲ್ಲಿಯ ಮತ. ಮೊದಲಿನ ಮೂರಕ್ಕೆ ನಾವು ಪೂಜೆ, ಅಧ್ಯಯನ, ಶ್ರಾದ್ಧಗಳನ್ನು ಏರ್ಪಡಿಸಿಕೊಂಡೆವು. ನಾಲ್ಕನೆಯದಕ್ಕೆ ತಿಥಿಯಿಲ್ಲ, ಪುರೋಹಿತನಿಲ್ಲ. ಅದಕ್ಕಾಗಿಯೇ ಅದು ಮರೆತುಹೋಯಿತೋ ಏನೋ. ಮಾರಿಯ ಕಾಲದಲ್ಲಿ ತಾನು ಉಳಿದುಕೊಂಡದ್ದು ಬೇರೆಯವರ ನಷ್ಟದಿಂದ ಎಂದು ತಿಳಿದವನಿಗೆ ಅದು ನೆನಪಾಗಬೇಕು.

ಈ ಋಣವನ್ನು ತೀರಿಸುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ನಿದರ್ಶನಗಳು ನಮ್ಮಲ್ಲಿಯೇ ಇವೆ. 2021ರ ಮೇ 1ರಿಂದ ಹದಿನೆಂಟು ವರ್ಷ ದಾಟಿದವರೆಲ್ಲರಿಗೂ ಲಸಿಕೆಯೆಂದಾಗ, ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ಬೇರೆ ಬೇರೆ ಬೆಲೆಗೆ ಅದನ್ನು ಕೊಳ್ಳಬೇಕಾಗಿತ್ತು. ಜೂನ್ 21ರಿಂದ ಕೇಂದ್ರವೇ ಕೊಂಡು ಎಲ್ಲರಿಗೂ ಬೆಲೆಯಿಲ್ಲದೆ ಹಾಕಿಸುವ ಏರ್ಪಾಡು ಬಂದಿತು. ಯಾರ ಮನೆಯಲ್ಲಿಯೂ ಅಜ್ಜಿಗೆ ಲಸಿಕೆಯೋ ಮೊಮ್ಮಗಳಿಗೆ ಪುಸ್ತಕವೋ ಎಂಬ ಚರ್ಚೆ ಅಲ್ಲಿಂದ ಮುಂದೆ ನಡೆಯಬೇಕಾಗಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ, ಒಬ್ಬೊಬ್ಬನೇ ಬಡ್ಡಿಗೆ ಸಿಕ್ಕಿ ನವೆಯುವುದಕ್ಕೆ ಬದಲು ಊರೇ ಕೂಡಿ ಸಾಲವನ್ನು ಹೊರುವ ದಾರಿಯನ್ನು ತೋರಿಸಿದರು. ಅದೇ ಸಹಕಾರ ತತ್ತ್ವದ ಮೇಲೆ 2003ರಲ್ಲಿ ಯಶಸ್ವಿನಿ ಯೋಜನೆಯು ಆರಂಭವಾಯಿತು. ಮೊದಲಿಗೆ ರೈತನು ತಿಂಗಳಿಗೆ ಐದು ರೂಪಾಯಿಯಂತೆ ಕೊಟ್ಟು ಶಸ್ತ್ರಚಿಕಿತ್ಸೆಯ ಭಯದಿಂದ ಪಾರಾದನು. 2018ರಲ್ಲಿ ನಿಂತ ಆ ಯೋಜನೆಯನ್ನು 2022ರಲ್ಲಿ ಮತ್ತೆ ಆರಂಭಿಸಿದರು. ಮಾರಿಯು ಬಂದ ಎರಡು ವರ್ಷಗಳಲ್ಲಿ ಅದು ಇರಲಿಲ್ಲವೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಕೆರೆಯ ಏರಿಯನ್ನು ಬೇಸಗೆಯಲ್ಲಿ ಕಟ್ಟಬೇಕು.

ಆದರೆ ಋಣವೆಂದೊಡನೆ ಸರ್ಕಾರದ ಕಡೆಗೆ ಬೆರಳು ತೋರಿಸಿ ನಾವು ಎದ್ದುಹೋಗುವುದು ಉಚಿತವಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಹುಮಟ್ಟಿಗೆ ಎಲ್ಲ ಕಡೆಯೂ ಪಾತ್ರೆ ಬೆಳಗಲು ಒಬ್ಬ ಹೆಂಗಸು ಬರುತ್ತಾಳೆ. 2020ರ ಆ ಬೇಸಗೆಯಲ್ಲಿ, "ಈಗ ಬರಬೇಡಮ್ಮ, ಎಲ್ಲ ಸರಿಹೋದಮೇಲೆ ಬಾ" ಎಂದು ಆಕೆಗೆ ಹೇಳಿದೆವು. ನಮ್ಮ ಕ್ಷೇಮಕ್ಕಾಗಿ ಹಾಗೆ ಹೇಳಿದುದು ತಪ್ಪಲ್ಲ. ಆದರೆ ಆ ತಿಂಗಳುಗಳ ಸಂಬಳವನ್ನು ಕಳುಹಿಸಿದೆವೇ? ಕೆಲವರು ಕಳುಹಿಸಿದರು. ಹಲವರು ಒಂದು ತಿಂಗಳದನ್ನು ಕೊಟ್ಟು ಸುಮ್ಮನಾದರು. ಕೆಲಸ ಮಾಡದವಳಿಗೆ ಕೂಲಿಯೇಕೆ ಎಂದವರೂ ಇದ್ದರು; ಅವರ ಸಂಬಳವು ಮಾತ್ರ ತಪ್ಪದೆ ಬರುತ್ತಿತ್ತು. ಕೂಲಿ ಕಡಿಯದೆ ಕೊಡಬೇಕೆಂದು ಕೇಂದ್ರ ಸರ್ಕಾರವು ಅಂಗಡಿ ಕಾರ್ಖಾನೆಗಳ ಧಣಿಗಳಿಗೆ ಮಾರ್ಚ್ 29ರಂದು ಮಾಡಿದ ಆಜ್ಞೆಯೂ ಮೇ ತಿಂಗಳಿನಾಚೆಗೆ ನಿಲ್ಲಲಿಲ್ಲ. ಆಜ್ಞೆಯು ಇದ್ದರೂ ಇಲ್ಲದಿದ್ದರೂ ಆ ಹೆಂಗಸಿನ ಮನೆಯಲ್ಲಿ ಅನ್ನವು ದಿನವೂ ಬೇಯಬೇಕಾಗಿತ್ತು. ಆಕೆಯ ಗಂಡನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗುವ ಆಟೋದ ಬಾಡಿಗೆಗೆ ಆಕೆ ಯಾರ ಬಳಿ ಸಾಲಮಾಡಿದಳೆಂಬುದನ್ನು ನಾವು ಕೇಳಲಿಲ್ಲ. ಕೇಳಿದ್ದರೆ ಆ ಸಾಲದ ಒಂದು ಪಾಲು ನಮ್ಮ ಹೆಸರಿನಲ್ಲಿರುವುದು ಗೊತ್ತಾಗುತ್ತಿತ್ತು.

ಮಾರಿಯು ಹೋದ ಮೇಲೆ ಜನರು ಅದನ್ನು ಬೇಗ ಮರೆಯುತ್ತಾರೆ. 1918ರ ಜ್ವರವನ್ನು ನಮ್ಮ ಹಿಂದಿನವರು ಮರೆತರು; ನಾವೂ ಮರೆಯುತ್ತಿದ್ದೇವೆ. ಆದರೆ ಒತ್ತೆಯಿಟ್ಟ ಬಳೆಗಳನ್ನು ಬಿಡಿಸಿಕೊಳ್ಳಲಾಗದೆ ಹರಾಜಿಗೆ ಬಿಟ್ಟವರು ಮರೆತಿಲ್ಲ. ಕಾಲೇಜಿಗೆ ಹೋಗದೆ ಅಂಗಡಿಯ ಕೆಲಸಕ್ಕೆ ಸೇರಿದ ಹುಡುಗಿ ಮರೆತಿಲ್ಲ. ಅವರ ಸಾಲದ ಪತ್ರದಲ್ಲಿ ನಮ್ಮ ರುಜುವಿಲ್ಲವೆಂಬುದು ದಿಟ. ಆದರೂ ಮುಂದಿನ ಬಾರಿ ಆರೋಗ್ಯಕ್ಕೆಂದು ತೆರಿಗೆಯ ಮಾತು ಬಂದಾಗ, ಜಿಲ್ಲೆಯ ಆಸ್ಪತ್ರೆಗೆ ಹಾಸಿಗೆಗಳು ಬೇಕೆಂಬ ಮಾತು ಬಂದಾಗ, ಕೆಲಸದವಳ ಮಗುವಿಗೆ ಕಾಯಿಲೆಯೆಂಬ ಸುದ್ದಿ ಬಂದಾಗ, ಇದು ಪರರ ವಿಷಯವೆಂದು ಹೇಳುವ ಮುನ್ನ ವಾಚಕರು 2020ರ ತಮ್ಮ ಮನೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆಗೆದುನೋಡಬೇಕೆಂದು ವಿನಂತಿ. ಅದರಲ್ಲಿ ನಾವು ಕೊಡದೆ ಉಳಿಸಿಕೊಂಡ ಹಣವು ಉಳಿತಾಯವೋ ಬಾಕಿಯೋ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.